ಆಟಿಯ ಮಳೆ ದಾಟುವ ಸೊಪ್ಪು ಯಾವುದು? ಮಂಗಳೂರು-ಉಡುಪಿಯ ಬಾಲ್ಕನಿಗೆ ಒಂದು ಹೋಲಿಕೆ

2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗಿತ್ತಲ್ಲ, ಆ ದಿನಗಳಲ್ಲಿ ಮಂಗಳೂರಿನ ನಮ್ಮ ಬಿಜೈ ಕಡೆಯ ತರಕಾರಿ ಅಂಗಡಿಯಲ್ಲಿ ಕೊತ್ತಂಬರಿ ಕಟ್ಟು ಹೆಬ್ಬೆರಳಿನಷ್ಟು ದಪ್ಪಕ್ಕೆ ಇಳಿದಿತ್ತು. ಅದರಲ್ಲೂ ಅರ್ಧ ಕೊಳೆತದ್ದು. ನಮ್ಮೂರಿಗೆ ಬರುವ ಕೊತ್ತಂಬರಿ, ಪುದೀನ ಹೆಚ್ಚಿನದ್ದು ಘಟ್ಟದ ಮೇಲಿನಿಂದಲೇ ಇಳಿಯಬೇಕು. ಘಟ್ಟ ಮುಚ್ಚಿದರೆ ಸಾರಿಗೆ ಸೊಪ್ಪಿಲ್ಲ. ಸರಿ, ಇನ್ನು ಬಾಲ್ಕನಿಯಲ್ಲೇ ಬೆಳೆಸುವ ಅಂತ ಹೊರಟೆ.

ವಿಡಿಯೋ ನೋಡಿ ನೋಡಿ ಮರುವರ್ಷ ಜೂನ್ ಮೊದಲ ವಾರ ಕೊತ್ತಂಬರಿ ಬಿತ್ತಿದೆ. ಜೊತೆಗೆ ನರ್ಸರಿಯಿಂದ ರೋಸ್‌ಮರಿ, ಥೈಮ್, ಇಟಾಲಿಯನ್ ಬೇಸಿಲ್ ತಂದೆ. ಆಟಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ತುಳು ತಿಂಗಳು, ಮುಗಿಯುವಾಗ ಉಳಿದದ್ದು ಆರು ಖಾಲಿ ಚಟ್ಟಿ, ಮತ್ತೆ ಎಲ್ಲಿಂದ ಮೂರನೇ ಮಾಳಿಗೆಗೆ ಹತ್ತಿ ಬಂದವೋ ಗೊತ್ತಿಲ್ಲದ ಒಂದಷ್ಟು ಬಸವನಹುಳು. ಉಡುಪಿಯಿಂದ ಬಂದ ಅಮ್ಮ ನೋಡಿ, "ಮಳೆಗಾಲದಲ್ಲಿ ಕೊತ್ತಂಬರಿ ಹಾಕ್ಲಿಕ್ಕೆ ನಿಂಗೆ ಯಾರು ಹೇಳಿದ್ದು ಮಾರಾಯ್ತಿ?" ಅಂತ ಕೇಳಿದರು. ಯಾರು ಹೇಳಿದ್ದು ಅಂದರೆ ಬೆಂಗಳೂರಿನವರು, ಪುಣೆಯವರು. ಬೆಂಗಳೂರಿಗೆ ವರ್ಷವಿಡೀ ಬೀಳುವ ಮಳೆ ಸುಮಾರು 1,000 ಮಿಲಿಮೀಟರ್. ಮಂಗಳೂರಿನದ್ದು 3,500ರ ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅವರ ಒಂದು ವರ್ಷದ ಮಳೆ ನಮಗೆ ಹತ್ತಿರಹತ್ತಿರ ಒಂದು ಜುಲೈ ತಿಂಗಳಿನದ್ದು. ಅವರ ಲೆಕ್ಕ ನಮಗೆ ಹೇಗೆ ಆಗ್ತದೆ?

ಹಾಗಾಗಿ ಇಲ್ಲಿ ಗಿಡಗಳನ್ನು ಹೋಲಿಸುವಾಗ ನಾನು ಮೊದಲು ಕೇಳುವುದು ಒಂದೇ: ಆಟಿ ದಾಟುತ್ತದಾ? ರುಚಿ, ಚಂದ, ಫೋಟೋ ಎಲ್ಲ ಆಮೇಲೆ.

ಕೊತ್ತಂಬರಿ ಬೇಕಾ, ಕಾಡು ಕೊತ್ತಂಬರಿ ಸಾಕಾ

ಎಲ್ಲರೂ ಶುರು ಮಾಡುವುದು ಕೊತ್ತಂಬರಿಯಿಂದ, ಎಲ್ಲರೂ ಸೋಲುವುದೂ ಅದರಲ್ಲೇ. ಅದು ತಂಪಿನ ಗಿಡ. ನಮ್ಮಲ್ಲಿ ತಂಪು ಅಂತ ಹೇಳಬಹುದಾದದ್ದು ದೀಪಾವಳಿಯಿಂದ ಶಿವರಾತ್ರಿಯ ತನಕ, ಅದೂ ಹೆಸರಿಗೆ, ಡಿಸೆಂಬರಿನ ಮಧ್ಯಾಹ್ನವೂ 32 ಡಿಗ್ರಿ ಮುಟ್ಟುವ ಊರು ಇದು. ಸೆಕೆ ತಾಗಿದ ಕೂಡಲೇ ಕೊತ್ತಂಬರಿ ಎಲೆ ಬಿಡುವುದು ನಿಲ್ಲಿಸಿ ದಂಟು ಎತ್ತಿ ಹೂ ಬಿಡಲು ಹೊರಡುತ್ತದೆ, ಎಲೆ ಸಬ್ಬಸಿಗೆ ಹಾಗೆ ಸಪೂರ ಆಗುತ್ತದೆ, ಪರಿಮಳವೂ ಇಳಿಯುತ್ತದೆ. ಆಗ ನೀರು ಜಾಸ್ತಿ ಹಾಕಿದರೂ ಗೊಬ್ಬರ ಹಾಕಿದರೂ ಅದು ಹಿಂದೆ ಬರುವುದಿಲ್ಲ.

ಆದರೂ ಹಾಕಲೇಬೇಕು ಅಂತಿದ್ದರೆ ನವೆಂಬರಿನಲ್ಲಿ ಹಾಕಿ. ದಿನಸಿ ಅಂಗಡಿಯ ಕಾಳೇ ಸಾಕು, ಹಳೆಯದ್ದು ಆಗಿರಬಾರದು ಅಷ್ಟೆ. ನಾವು ಬೀಜ ಅನ್ನುವ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತದೆ. ಲಟ್ಟಣಿಗೆಯನ್ನು ಮೆಲ್ಲ ಉರುಳಿಸಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ, ಅರ್ಧ ಇಂಚು ಆಳಕ್ಕೆ ಬಿತ್ತಿ. ಮೊಳಕೆಗೆ ಒಂದರಿಂದ ಎರಡು ವಾರ. ಐದನೇ ದಿನ ಮಣ್ಣು ಕೆದಕಿ ನೋಡುವವರು ಇದ್ದಾರೆ, ನಾನೂ ಅವರಲ್ಲಿ ಒಬ್ಬಳು, ಹಾಗೆ ಮಾಡಬೇಡಿ. ಸಸಿ ಮಾಡಿ ಕಿತ್ತು ಬೇರೆ ಕಡೆ ನೆಡುವುದೂ ಬೇಡ, ಅದರ ತಾಯಿಬೇರಿಗೆ ಪೆಟ್ಟಾದರೆ ಸಿಟ್ಟಿಗೆ ಹೂ ಬಿಟ್ಟುಬಿಡುತ್ತದೆ. ನಲವತ್ತು ದಿನಕ್ಕೆ ಕೊಯ್ಯಬಹುದು. ಬೇರು ಸಮೇತ ಎಳೆಯದೆ ಹೊರಗಿನ ದಂಟು ಕತ್ತರಿಸಿದರೆ ಎರಡು ಸಲ, ಅದೃಷ್ಟ ಇದ್ದರೆ ಮೂರು ಸಲ ಸಿಗುತ್ತದೆ. ಆಮೇಲೆ ಮುಗೀತು, ಮತ್ತೆ ಬಿತ್ತಬೇಕು. ಮನೆಗೆ ಸತತ ಬೇಕಾದರೆ ಹದಿನೈದು ದಿನಕ್ಕೊಮ್ಮೆ ಒಂದು ಪೆಟ್ಟಿಗೆ ಬಿತ್ತುತ್ತಾ ಹೋಗಬೇಕು. ನನಗೆ ಅಷ್ಟು ಶಿಸ್ತು ಇಲ್ಲ.

ಈಗ ಇನ್ನೊಂದು. ಕಾಡು ಕೊತ್ತಂಬರಿ. ಅಂಗೈ ಉದ್ದದ ಎಲೆ, ಅಂಚಿನಲ್ಲಿ ಗರಗಸದ ಹಲ್ಲು, ನೆಲಕ್ಕೆ ಅಂಟಿಕೊಂಡು ಸುತ್ತ ಹರಡಿ ಕೂರುತ್ತದೆ. ನೋಡಿದರೆ ಯಾವುದೋ ಕಳೆ ಅನ್ನಿಸಬೇಕು. ಮೂಲ ಅಮೆರಿಕದ ಬಿಸಿ ಪ್ರದೇಶದ್ದು, ಕೊತ್ತಂಬರಿಯ ಕುಟುಂಬವೇ ಹೌದು ಆದರೆ ಬೇರೆಯೇ ಗಿಡ. ಇದಕ್ಕೆ ನೆರಳು ಇಷ್ಟ, ತೇವ ಇಷ್ಟ, ಸೆಕೆಯ ಚಿಂತೆ ಇಲ್ಲ. ಅಂದರೆ ನಮ್ಮ ಊರೇ ಇಷ್ಟ. ನನ್ನ ಹತ್ತಿರ ಒಂದು ಗಿಡ ನಾಲ್ಕು ವರ್ಷದಿಂದ ಉಂಟು, ಅಂದರೆ ಅದೇ ಗಿಡ ಅಲ್ಲ, ಅದರ ಬುಡದ ಮರಿಗಳು, ಉದುರಿದ ಬೀಜದಿಂದ ಎದ್ದ ಮಕ್ಕಳು, ಪಕ್ಕದ ಚಟ್ಟಿಗೂ ಹಾರಿವೆ. ಮಾಡಬೇಕಾದ ಕೆಲಸ ಒಂದೇ. ನಡುವಿನಿಂದ ಹೂವಿನ ದಂಟು ಎದ್ದಾಗ ಕತ್ತರಿಸಿ ಬಿಸಾಡಬೇಕು. ಬಿಟ್ಟರೆ ಅದರ ಮೇಲಿನ ಎಲೆ ಮುಳ್ಳುಮುಳ್ಳಾಗುತ್ತದೆ, ಬುಡದ ಎಲೆಯೂ ಗಟ್ಟಿಯಾಗುತ್ತದೆ.

ರುಚಿಯಲ್ಲಿ? ವಾಸನೆ ಕೊತ್ತಂಬರಿಯದ್ದೇ, ಆದರೆ ಜೋರು. ಒಂದು ಹಿಡಿ ಕೊತ್ತಂಬರಿ ಕೇಳುವಲ್ಲಿ ನಾಲ್ಕು ಎಲೆ ಸಾಕು. ಇದರ ದೊಡ್ಡ ಗುಣ, ಕುದಿಸಿದರೂ ಪರಿಮಳ ಹೋಗುವುದಿಲ್ಲ. ಕೊತ್ತಂಬರಿಯನ್ನು ಒಲೆ ಆರಿಸಿದ ಮೇಲೆ ಹಾಕಬೇಕು, ಇದನ್ನು ಮಸಾಲೆ ಜೊತೆಗೇ ರುಬ್ಬಿ ಹಾಕಬಹುದು. ಕೋಳಿ ಗಸಿಗೆ, ಬಂಗುಡೆಯ ಹಸಿರು ಮಸಾಲೆಗೆ, ಟೊಮೆಟೊ ಸಾರಿಗೆ ನಾನು ಈಗ ಇದನ್ನೇ ಹಾಕುವುದು. ಸೋಲುವುದು ಹಸಿಯಾಗಿ ಉದುರಿಸುವ ಕಡೆ. ಕೋಸಂಬರಿಗೆ, ಚುರುಮುರಿಗೆ ಹಾಕಿದರೆ ನಾರುನಾರು, ಹಲ್ಲಿಗೆ ಸಿಗುತ್ತದೆ. ನೀರುದೋಸೆಯ ಚಟ್ನಿಗೂ ಅಷ್ಟು ಹಿತ ಇಲ್ಲ, ತೆಂಗಿನಕಾಯಿಯ ರುಚಿಯನ್ನು ಮುಚ್ಚಿ ಹಾಕುತ್ತದೆ.

ಒಂದೇ ಚಟ್ಟಿಗೆ ಜಾಗ ಇರುವವರಿಗೆ ಕಾಡು ಕೊತ್ತಂಬರಿ, ಎರಡನೇ ಮಾತಿಲ್ಲ. ಚಳಿಗಾಲದಲ್ಲಿ ಜಾಗ ಖಾಲಿ ಇದ್ದರೆ ಕೊತ್ತಂಬರಿ ಒಂದು ಶೋಕಿ.

ಪುದೀನ, ಸಾಂಬಾರಬಳ್ಳಿ

ಇವೆರಡರ ರುಚಿ ಬೇರೆಬೇರೆ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ, ನಿಜ. ಆದರೂ ಜೊತೆಗಿಟ್ಟು ನೋಡುತ್ತಿದ್ದೇನೆ, ಯಾಕೆಂದರೆ ಎರಡೂ ಕಾಸು ಖರ್ಚಿಲ್ಲದೆ ತುಂಡಿನಿಂದಲೇ ಬರುತ್ತವೆ, ಮತ್ತೆ ಎರಡರ ಸ್ವಭಾವ ಪೂರಾ ಉಲ್ಟಾ.

ಪುದೀನವನ್ನು ನರ್ಸರಿಯಿಂದ ದುಡ್ಡು ಕೊಟ್ಟು ತರುವುದು ದಂಡ. ಮಾರ್ಕೆಟ್ಟಿನ ಕಟ್ಟಿನಲ್ಲಿ ದಂಟು ದಪ್ಪ ಇರುವ ನಾಲ್ಕೈದು ಕಡ್ಡಿ ಆರಿಸಿ, ಕೆಳಗಿನ ಎಲೆ ಚಿವುಟಿ, ಲೋಟದ ನೀರಿನಲ್ಲಿ ಕಿಟಕಿ ಹತ್ತಿರ ಇಡಿ. ನೀರು ದಿನಾ ಬದಲಿಸಿ. ವಾರದೊಳಗೆ ಗಂಟಿನಿಂದ ಬಿಳಿ ಬೇರು ಬರುತ್ತದೆ. ಅದು ಆಳಕ್ಕೆ ಹೋಗುವ ಗಿಡ ಅಲ್ಲ, ಅಡ್ಡಕ್ಕೆ ಓಡುವ ಗಿಡ, ಹಾಗಾಗಿ ಆಳದ ಚಟ್ಟಿ ಬೇಡ, ಅಗಲದ ಟಬ್ ಬೇಕು. ಬೇರೆ ಗಿಡದ ಜೊತೆ ಒಂದೇ ಚಟ್ಟಿಗೆ ಹಾಕಿದರೆ ಅದನ್ನು ನುಂಗುತ್ತದೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ದಿನ ನೀರು ತಪ್ಪಿದರೆ ಬಾಡಿ ಮಲಗುತ್ತದೆ, ಆದರೆ ಸಂಜೆ ನೀರು ಹಾಕಿದರೆ ಎದ್ದು ಕೂರುತ್ತದೆ. ಮಳೆಗಾಲ ಕಷ್ಟ. ಗಾಳಿಯಾಡದೆ, ಎಲೆ ಒಣಗದೆ, ಕೆಳಗಿನಿಂದ ಕಪ್ಪಾಗುತ್ತಾ ಬರುತ್ತದೆ. ನಾನು ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಕೂಡಲೇ ಅದನ್ನು ಎರಡಿಂಚು ಬಿಟ್ಟು ಪೂರಾ ಕತ್ತರಿಸುತ್ತೇನೆ, ಆ ಸೊಪ್ಪಿನಲ್ಲಿ ಒಂದು ಪುಲಾವ್ ಆಗುತ್ತದೆ, ಚಟ್ಟಿಯನ್ನು ಎರಚಲು ಬಾರದ ಮೂಲೆಗೆ ತಳ್ಳುತ್ತೇನೆ. ಹಾಗೆ ಮಾಡಿದರೆ ಹತ್ತಕ್ಕೆ ಏಳು ಸಲ ಬದುಕುತ್ತದೆ.

ಸಾಂಬಾರಬಳ್ಳಿ, ಅಂದರೆ ದೊಡ್ಡಪತ್ರೆ, ಸಾಂಬ್ರಾಣಿ ಅಂತಲೂ ಹೇಳುತ್ತಾರೆ. ನಾಲ್ಕು ಇಂಚಿನ ತುಂಡು ಮಣ್ಣಿಗೆ ಚುಚ್ಚಿ ಮರೆತುಬಿಡಿ. ನಿಜವಾಗಿ ಮರೆಯಬೇಕು, ಯಾಕೆಂದರೆ ಅದು ಸಾಯುವುದು ನಮ್ಮ ಪ್ರೀತಿಯಿಂದಲೇ. ದಪ್ಪ ಎಲೆಯೊಳಗೆ ನೀರು ತುಂಬಿಟ್ಟುಕೊಳ್ಳುವ ಗಿಡ ಅದು, ನಾವು ದಿನಾ ನೀರು ಎರೆದರೆ ಬುಡ ಕೊಳೆಯುತ್ತದೆ. ಮೇಯಲ್ಲಿ ಹತ್ತು ದಿನ ಬೀಗ ಹಾಕಿ ಊರಿಗೆ ಹೋಗಿ ಬಂದರೂ ನಗುತ್ತಾ ಇರುತ್ತದೆ. ಮಳೆಗೆ ನೇರ ಒಡ್ಡಬೇಡಿ, ಮಾಡಿನ ಕೆಳಗೆ ಇಟ್ಟರೆ ಆಟಿಯನ್ನೂ ದಾಟುತ್ತದೆ.

ಇದನ್ನು ಕೆಲವರು ಓಮದ ಗಿಡ ಅಂತ ಮಾರುತ್ತಾರೆ. ಅಲ್ಲ. ಓಮದ ಕಾಳು ಬಿಡುವ ಗಿಡವೇ ಬೇರೆ, ಅದು ಕೊತ್ತಂಬರಿಯ ನೆಂಟ, ಇದು ತುಳಸಿ-ಪುದೀನದ ನೆಂಟ. ವಾಸನೆ ಹತ್ತಿರ ಹತ್ತಿರ ಇರುವುದಕ್ಕೆ ಕಾರಣ ಎಣ್ಣೆಯಲ್ಲಿರುವ ಕಾರ್ವಕ್ರಾಲ್, ಥೈಮಾಲ್ ಅನ್ನುವ ಅಂಶಗಳು. ಪಿಜ್ಜಾ ಜೊತೆ ಸಣ್ಣ ಪೊಟ್ಟಣದಲ್ಲಿ ಕೊಡುವ ಓರೆಗಾನೊದಲ್ಲೂ ಇದೇ ಕಾರ್ವಕ್ರಾಲ್. ಹಾಗಾಗಿ ಮಕ್ಕಳಿಗೆ ಮನೆಯಲ್ಲಿ ಪಿಜ್ಜಾ ಮಾಡುವಾಗ ಸಾಂಬಾರಬಳ್ಳಿಯ ಎರಡು ಎಲೆ ಸಣ್ಣಗೆ ಕೊಚ್ಚಿ ಸಾಸ್‌ಗೆ ಹಾಕಿ ನೋಡಿ, ಯಾರಿಗೂ ಗೊತ್ತಾಗುವುದಿಲ್ಲ. ಓರೆಗಾನೊ ಗಿಡವನ್ನೇ ಬೆಳೆಸುತ್ತೇನೆ ಅಂತ ಹೊರಡಬೇಡಿ.

ತಂಬುಳಿಗೆ ನಮ್ಮನೆ ಲೆಕ್ಕ: ಹತ್ತು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಒಳ್ಳೆಮೆಣಸು, ಇಷ್ಟನ್ನು ತುಪ್ಪದಲ್ಲಿ ಎಲೆ ಬಾಡುವ ತನಕ ಹುರಿದು, ಒಂದು ಹಿಡಿ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಹುಳಿ ಮಜ್ಜಿಗೆ ಬೆರೆಸಿ, ಸಾಸಿವೆ-ಒಣಮೆಣಸಿನ ಒಗ್ಗರಣೆ. ಬಿಸಿ ಮಾಡಬಾರದು, ಒಡೆಯುತ್ತದೆ. ಮಳೆಗೆ ಕೂತು ತಿನ್ನಲು ಇದೇ ಎಲೆಯ ಪೋಡಿ. ಕಡಲೆಹಿಟ್ಟಿಗೆ ಅದ್ದಿ ಎಣ್ಣೆಗೆ ಬಿಡುವುದು, ಅಷ್ಟೆ.

ಯಾವುದು ಅಂತ ಕೇಳಿದರೆ, ಊರು ಸುತ್ತುವವರಿಗೆ ಸಾಂಬಾರಬಳ್ಳಿ. ದಿನಾ ಬೆಳಗ್ಗೆ ಚಾ ಲೋಟ ಹಿಡಿದು ಬಾಲ್ಕನಿಗೆ ಬರುವ ಅಭ್ಯಾಸ ಇದ್ದವರಿಗೆ ಪುದೀನವೂ ಆಗಬಹುದು.

ಬೇಸಿಲ್ ಆಸೆ ಇದ್ದವರಿಗೆ

ಇಟಾಲಿಯನ್ ಬೇಸಿಲ್ ಅಕ್ಟೋಬರಿನಿಂದ ಮೇ ತನಕ ಚಂದ ಬರುತ್ತದೆ, ಮೊದಲ ದೊಡ್ಡ ಮಳೆಗೆ ಹೋಗುತ್ತದೆ. ಕಾಮಕಸ್ತೂರಿ ಅದೇ ಜಾತಿಯದ್ದು, ಆದರೆ ಹಳ್ಳಿ ಮಕ್ಕಳ ಹಾಗೆ ಗಟ್ಟಿ. ಇದರ ಬೀಜವನ್ನೇ ಫಾಲೂದಾಕ್ಕೆ ನೆನೆಸಿ ಹಾಕುವುದು. ದಿನಸಿ ಅಂಗಡಿಯಲ್ಲಿ ಸಿಗುವ ಆ ಕಪ್ಪು ಬೀಜದ ಪೊಟ್ಟಣದಿಂದ ಒಂದು ಚಿಟಿಕೆ ತೆಗೆದು ಮಣ್ಣಿನ ಮೇಲೆ ಉದುರಿಸಿ ನೀರು ಚಿಮುಕಿಸಿದರೆ ವಾರದಲ್ಲಿ ಮೊಳಕೆ. ಪಾಸ್ತಾಕ್ಕೆ ಹಾಕಿದರೆ ಇಟಾಲಿಯನ್‌ದರಷ್ಟು ಸಿಹಿ ಪರಿಮಳ ಬರುವುದಿಲ್ಲ, ಸ್ವಲ್ಪ ಖಾರ, ಸ್ವಲ್ಪ ಸೋಂಪು. ನನಗೆ ಅದೇ ಇಷ್ಟ. ತುಳಸಿಯನ್ನು ಇದರ ಬದಲು ಹಾಕಬೇಡಿ, ಅದು ಕಷಾಯಕ್ಕೆ ಸರಿ, ಊಟಕ್ಕೆ ಕಹಿ. ತುಳಸಿಗೆ ಕಟ್ಟೆಯ ಮರ್ಯಾದೆ ಹೇಗೂ ಉಂಟು.

ರೋಸ್‌ಮರಿ, ಥೈಮ್ ಬಗ್ಗೆ ಒಂದು ಸಾಲು. ಅವು ಒಣ ಗಾಳಿಯ, ಸುಣ್ಣದ ಮಣ್ಣಿನ ಊರಿನವು. ನಮ್ಮದು ಹುಳಿ ಮಣ್ಣು, ಒದ್ದೆ ಗಾಳಿ. ಮೂರು ಸಲ ತಂದೆ, ಮೂರು ಸಲ ಹೋಯಿತು, ಇನ್ನು ತರುವುದಿಲ್ಲ.

ಬೇವಿನಸೊಪ್ಪು (ಕರಿಬೇವು) ಚಟ್ಟಿಯಲ್ಲಾ, ನೆಲದಲ್ಲಾ

ನೆಲ ಇದ್ದರೆ ನೆಲದಲ್ಲಿ. ಯೋಚನೆಯೇ ಬೇಡ. ಅಮ್ಮನ ಮನೆಯಲ್ಲಿ ಬಾವಿಕಟ್ಟೆ ಹತ್ತಿರ ಇರುವ ಕರಿಬೇವಿಗೆ ನಾವು ಯಾರೂ ಏನೂ ಮಾಡಿಲ್ಲ, ಅದು ಮಾಡಿನ ಎತ್ತರ ಬೆಳೆದು ಅಕ್ಕಪಕ್ಕದ ನಾಲ್ಕು ಮನೆಯ ಒಗ್ಗರಣೆ ನೋಡಿಕೊಳ್ಳುತ್ತಿದೆ. ಫ್ಲಾಟಿನವರಿಗೆ ಚಟ್ಟಿಯೇ ಗತಿ, ಅಲ್ಲಿ ಸ್ವಲ್ಪ ಲೆಕ್ಕ ಬೇಕು.

ಗಿಡ ಎಲ್ಲಿಂದ? ಬೀಜ, ಬುಡದ ಮರಿ, ನರ್ಸರಿ, ಮೂರು ದಾರಿ. ಬೀಜ ಆದರೆ ಕಪ್ಪಾದ ಹಣ್ಣು ಕಿತ್ತು, ತಿರುಳು ತೊಳೆದು, ಅದೇ ವಾರ ಹಾಕಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟರೆ ಮೊಳೆಯುವ ಶಕ್ತಿ ಹೋಗುತ್ತದೆ. ಬುಡದ ಮರಿ ಚಂದ, ಆದರೆ ತಾಯಿ ಬೇರಿನ ತುಂಡು ಜೊತೆಗೆ ಬರಬೇಕು, ಮಳೆಗಾಲ ಹಿಡಿಯುವಾಗ ಕಿತ್ತು ನೆಟ್ಟರೆ ಕಚ್ಚಿಕೊಳ್ಳುತ್ತದೆ. ನರ್ಸರಿಯಿಂದ ತರುವಾಗ ಒಂದು ಎಲೆ ಹರಿದು ಉಜ್ಜಿ ಮೂಸಿ ನೋಡದೆ ದುಡ್ಡು ಕೊಡಬೇಡಿ. ನನಗೆ ಒಂದು ನರ್ಸರಿಯಲ್ಲಿ ಕೊಟ್ಟ ಗಿಡ ಎರಡು ವರ್ಷ ಸೊಂಪಾಗಿ ಬೆಳೆದು ಒಗ್ಗರಣೆಗೆ ಹಾಕಿದಾಗ ಹುಲ್ಲಿನ ವಾಸನೆ ಬಂತು. ಎರಡು ವರ್ಷ! ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಬ್ಲ್ಯುಡಿ-1, ಡಿಡಬ್ಲ್ಯುಡಿ-2 ಅನ್ನುವ ತಳಿಗಳು ಸಿಕ್ಕರೆ ಒಳ್ಳೆಯದೇ, ಸಿಗದಿದ್ದರೆ ಮೂಗನ್ನು ನಂಬಿ.

ಚಟ್ಟಿ ಸಣ್ಣದಿದ್ದರೆ ಕರಿಬೇವು ಹಟ ಹಿಡಿದು ನಾಲ್ಕು ಎಲೆಯಲ್ಲೇ ನಿಲ್ಲುತ್ತದೆ. 20 ಲೀಟರಿನ ಪೇಂಟ್ ಬಕೆಟ್ಟಿಗಿಂತ ಕಮ್ಮಿ ಬೇಡ. ಮೊದಲ ವರ್ಷ ಎಲೆ ಕೀಳಬೇಡಿ. ಮೊಣಕಾಲಿನೆತ್ತರ ಬಂದಾಗ ತುದಿ ಚಿವುಟಿ, ಎರಡು ಮೂರು ಕೊಂಬೆ ಒಡೆಯುತ್ತದೆ. ಆಮೇಲೆ ಕೀಳುವಾಗಲೂ ಒಂದೊಂದೇ ಎಲೆ ಉದುರಿಸದೆ ಕಡ್ಡಿ ಸಮೇತ ತುದಿ ಮುರಿಯಿರಿ. ಚಿಗುರಿನ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಂದು-ಬಿಳಿ ಹುಳ ಕಂಡರೆ ಅದು ಚಿಟ್ಟೆಯ ಮರಿ, ದೊಡ್ಡದಾದಾಗ ಹಸಿರಾಗುತ್ತದೆ, ಎರಡು ದಿನದಲ್ಲಿ ಸಣ್ಣ ಗಿಡ ಬೋಳು ಮಾಡುತ್ತದೆ. ಔಷಧಿ ಹೊಡೆಯುವ ಅಗತ್ಯ ಇಲ್ಲ, ಎತ್ತಿ ಬೇರೆ ಕಡೆ ಬಿಡಿ. ನನ್ನ ಮಗಳು ಒಂದನ್ನು ಬಾಟಲಿಯಲ್ಲಿ ಸಾಕಿ ಕಪ್ಪು ಚಿಟ್ಟೆ ಹಾರಿಸಿದಳು, ಅದಕ್ಕೆ ನಮ್ಮ ಎರಡು ವಾರದ ಬೇವಿನಸೊಪ್ಪು ಖರ್ಚಾಯಿತು.

ಬಿಸಿಲೇ ಬಾರದ ಬಾಲ್ಕನಿ, ಮಳೆಯೇ ನಿಲ್ಲದ ಬಾಲ್ಕನಿ

ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿ ಸಿಕ್ಕವರು ಪುಣ್ಯವಂತರು, ಬೆಳಗ್ಗೆ ನಾಲ್ಕು ಗಂಟೆ ಹೊತ್ತು ಬೀಳುವ ಬಿಸಿಲಲ್ಲಿ ಮೇಲೆ ಹೇಳಿದ್ದೆಲ್ಲ ಬೆಳೆಯುತ್ತದೆ. ನನ್ನದು ಪಶ್ಚಿಮ. ಬೇಸಿಗೆಯಲ್ಲಿ ಮಧ್ಯಾಹ್ನದ ಬೆಂಕಿ, ಮಳೆಗಾಲದಲ್ಲಿ ಕಡಲ ಕಡೆಯ ಗಾಳಿ ಎರಚಲನ್ನು ನೇರ ಒಳಗೆ ತಂದು ಸುರಿಯುತ್ತದೆ. ಇಂಥ ಕಡೆ ಎರಡು ಗಿಡಕ್ಕೆ ಮಾತ್ರ ಭಯ ಇಲ್ಲ, ಅರಿಶಿನ ಮತ್ತು ಮಜ್ಜಿಗೆ ಹುಲ್ಲು, ಅಂದರೆ ಲೆಮನ್‌ಗ್ರಾಸ್.

ಅರಿಶಿನವನ್ನು ಸೊಪ್ಪಿನ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ, ನಾನು ಹಿಡಿಯುತ್ತೇನೆ. ಮೇ ಕೊನೆಗೆ ಮೊಳಕೆ ಬಂದ ಎರಡು ಗೆಡ್ಡೆಯನ್ನು ಅಗಲದ ಗ್ರೋಬ್ಯಾಗಿನಲ್ಲಿ ಎರಡಿಂಚು ಆಳಕ್ಕೆ ಹೂತರೆ ನಾಗರಪಂಚಮಿಗೆ ಎಲೆ ರೆಡಿ. ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಅರಿಶಿನ ಎಲೆಯ ಕಟ್ಟಿಗೆ ಏನು ಹೇಳುತ್ತಾರೆ ಅಂತ ಗೊತ್ತಿರುವವರಿಗೆ ಇದರ ಬೆಲೆ ಗೊತ್ತು. ಅಕ್ಕಿ ಹಿಟ್ಟು ಹಚ್ಚಿ, ಕಾಯಿ-ಬೆಲ್ಲ ಇಟ್ಟು, ಮಡಚಿ ಹಬೆಯಲ್ಲಿ ಬೇಯಿಸುವ ಕಡುಬು, ಕೊಂಕಣಿಯವರ ಪಾತೋಳಿ, ಮುಚ್ಚಳ ತೆಗೆದಾಗ ಬರುವ ಆ ಪರಿಮಳವನ್ನು ಬಾಳೆ ಎಲೆ ಕೊಡುವುದಿಲ್ಲ. ಒಂದು ಗಿಡದಿಂದ ಎರಡು ಮೂರು ಎಲೆಗಿಂತ ಜಾಸ್ತಿ ಕೊಯ್ಯಬೇಡಿ, ಗೆಡ್ಡೆ ಬಲಿಯಲು ಎಲೆ ಬೇಕು. ಡಿಸೆಂಬರ್-ಜನವರಿಯಲ್ಲಿ ಗಿಡ ಒಣಗಿ ಬೀಳುತ್ತದೆ, ಸತ್ತಿತು ಅಂತ ಬಿಸಾಡಬೇಡಿ, ಅಗೆದರೆ ಕೆಳಗೆ ಹೊಸ ಗೆಡ್ಡೆ.

ಮಜ್ಜಿಗೆ ಹುಲ್ಲು ಸಾಯಿಸಲು ಹೊರಟರೂ ಸಾಯುವುದಿಲ್ಲ. ದೊಡ್ಡ ಚಟ್ಟಿ ಕೊಡಿ, ಸಣ್ಣದಿದ್ದರೆ ಬೇರು ಒತ್ತಿ ಒತ್ತಿ ಚಟ್ಟಿ ಒಡೆಯುತ್ತದೆ. ಎಲೆಯ ಅಂಚು ಬ್ಲೇಡಿನ ಹಾಗೆ, ಕತ್ತರಿಯಿಂದಲೇ ಕತ್ತರಿಸಿ. ಎರಡು ಎಲೆ ಗಂಟು ಕಟ್ಟಿ ಶುಂಠಿ ಜೊತೆ ಕುದಿಸಿದರೆ ಸಂಜೆಯ ಚಾಕ್ಕೆ ಹಾಲೇ ಬೇಡ.

ಇನ್ನು ಬಿಸಿಲೇ ಇಲ್ಲದ ಉತ್ತರದ ಬಾಲ್ಕನಿ, ಅಥವಾ ಎದುರುಗಡೆ ಇನ್ನೊಂದು ಕಟ್ಟಡ ಎದ್ದು ಬೆಳಕು ನುಂಗಿದ ಬಾಲ್ಕನಿ. ಅಲ್ಲಿ ಒಂದೆಲಗ ಹಾಕಿ, ತುಳುವಿನಲ್ಲಿ ತಿಮರೆ. ನಾಲ್ಕಿಂಚು ಆಳದ ಅಗಲ ಟಬ್ ಸಾಕು, ಬಳ್ಳಿ ಓಡುತ್ತಾ ಗಂಟುಗಂಟಿಗೆ ಬೇರು ಬಿಡುತ್ತದೆ. ನೀರು ನಿಂತರೂ ತಲೆಬಿಸಿ ಮಾಡುವುದಿಲ್ಲ, ಗದ್ದೆಯ ಬದುವಿನ ಗಿಡ ಅಲ್ವಾ. ಬೇಸಿಗೆಯಲ್ಲಿ ಮಾತ್ರ ಒಣಗಲು ಬಿಡಬಾರದು. ಇದನ್ನು ಬ್ರಾಹ್ಮಿ ಅಂತಲೂ ಮಾರುತ್ತಾರೆ, ನೀರುಬ್ರಾಹ್ಮಿ ಅನ್ನುವ ಸಣ್ಣ ದಪ್ಪ ಎಲೆಯದ್ದು ಬೇರೆ, ಕಹಿ ಜಾಸ್ತಿ. ಎಲೆ ದುಂಡಗೆ, ಮೂತ್ರಪಿಂಡದ ಆಕಾರಕ್ಕೆ ಇದ್ದು ದಂಟಿಗೊಂದೇ ಎಲೆ ಇದ್ದರೆ ನಿಮಗೆ ಬೇಕಾದದ್ದು ಅದೇ. ಕಾಯಿ, ಹಸಿಮೆಣಸು, ಸ್ವಲ್ಪ ಹುಳಿ ಹಾಕಿ ಹಸಿಯಾಗಿಯೇ ಚಟ್ನಿ ರುಬ್ಬಿದರೆ ಕುಚ್ಚಲಕ್ಕಿ ಗಂಜಿಗೆ ಬೇರೆ ಏನೂ ಬೇಡ. ಬೇರು, ದಂಟು ಎಲ್ಲ ತಿನ್ನಬಹುದು, ಮಣ್ಣು ಹೋಗುವ ತನಕ ತೊಳೆಯಬೇಕು ಅಷ್ಟೆ.

ಯಾವುದರಲ್ಲಿ ನೆಡುವುದು

ಮಣ್ಣಿನ ಚಟ್ಟಿ ಚಂದ, ಬೇರಿಗೆ ಗಾಳಿ ಸಿಗುತ್ತದೆ, ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಭಾರ. ಸಾಂಬಾರಬಳ್ಳಿಗೆ ಇದೇ ಸರಿ. ಪ್ಲಾಸ್ಟಿಕ್ ಕುಂಡ ನೀರು ಹಿಡಿದಿಡುತ್ತದೆ, ಪುದೀನಕ್ಕೆ ಹಿತ, ಮಳೆಗಾಲದಲ್ಲಿ ಅಪಾಯ. ಕೆಳಗಿನ ತೂತು ಒಂದೇ ಇರುತ್ತದೆ, ಬಿಸಿ ಕಬ್ಬಿಣದಿಂದ ಇನ್ನೂ ನಾಲ್ಕು ಮಾಡಿಕೊಳ್ಳಿ, ಬುಡದಲ್ಲಿ ಅಲ್ಲ, ಬದಿಯಲ್ಲಿ, ಅರ್ಧ ಇಂಚು ಮೇಲೆ. ನೆಲಕ್ಕೆ ಅಂಟಿದ ತೂತು ಮುಚ್ಚಿಹೋಗುತ್ತದೆ. ಗ್ರೋಬ್ಯಾಗ್ ಅಗ್ಗ, ಮಡಚಿ ಇಡಬಹುದು, ಬಿಸಿಲಿಗೆ ಎರಡು ಮೂರು ವರ್ಷದಲ್ಲಿ ಹರಿಯುತ್ತದೆ. ಅರಿಶಿನ, ಶುಂಠಿಗೆ ಅದೇ ಬೆಸ್ಟ್, ಬಗ್ಗಿಸಿ ಸುರಿದರೆ ಗೆಡ್ಡೆ ಕೈಗೆ.

ನನ್ನ ಮೆಚ್ಚಿನದ್ದು ಮೀನಿನ ಥರ್ಮೋಕೋಲ್ ಪೆಟ್ಟಿಗೆ. ಮಲ್ಪೆ, ಬಂದರು ಕಡೆ ಮುರಿದ ಮುಚ್ಚಳದವು ಕೇಳಿದರೆ ಸಿಗುತ್ತವೆ. ಸೋಪು ಹಾಕಿ ತೊಳೆದು ಮೂರು ದಿನ ಬಿಸಿಲಿಗಿಟ್ಟರೆ ವಾಸನೆ ಹೋಗುತ್ತದೆ, ಪೂರಾ ಅಲ್ಲ, ಬೆಕ್ಕು ಒಂದು ವಾರ ಸುತ್ತುತ್ತದೆ. ಮಂಜುಗಡ್ಡೆ ಕರಗದ ಹಾಗೆ ಮಾಡಿದ ಪೆಟ್ಟಿಗೆ ಅದು, ಹೊರಗಿನ ಸೆಕೆ ಬೇರಿಗೆ ತಾಗುವುದಿಲ್ಲ. ಹಾಗಾಗಿ ಕೊತ್ತಂಬರಿಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಹಗುರ, ಬಾಲ್ಕನಿಗೆ ಭಾರ ಬೀಳುವುದಿಲ್ಲ. ಕಾಳುಕಾಳಾಗಿ ಉದುರಲು ಶುರುವಾದರೆ ತೆಗೆದುಬಿಡಿ, ಗಾಳಿಗೆ ಕೆಳಗಿನ ಮನೆಗೆ ಹಾರಿದರೆ ಜಗಳ.

ಮಣ್ಣು? ಬರೀ ನಮ್ಮ ಕೆಂಪು ಮಣ್ಣು ಚಟ್ಟಿಯಲ್ಲಿ ಎರಡು ತಿಂಗಳಿಗೆ ಮುರಕಲ್ಲಾಗುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಹಳೆ ಹಟ್ಟಿಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಇದು ಬೇಸಿಗೆಯ ಲೆಕ್ಕ. ನಾರಿನ ಪುಡಿ ಸ್ಪಂಜಿನ ಹಾಗೆ ನೀರು ಹೀರುತ್ತದೆ, ಮಳೆಗೆ ಒಡ್ಡುವ ಚಟ್ಟಿಗೆ ಅದು ಬೇಡ, ಬದಲಿಗೆ ಸುಟ್ಟ ಉಮಿ ಅಥವಾ ದಪ್ಪ ಮರಳು. ಸುಡುಮಣ್ಣು ಸಿಕ್ಕರೆ ಇನ್ನೂ ಒಳ್ಳೆಯದು. ಹುಳಿ ಮಣ್ಣಿಗೆ ವರ್ಷಕ್ಕೊಮ್ಮೆ ಒಂದು ಚಮಚ ಸುಣ್ಣದ ಪುಡಿಯೋ ಒಂದು ಹಿಡಿ ಒಲೆಬೂದಿಯೋ, ಎರಡೂ ಒಟ್ಟಿಗೆ ಬೇಡ.

ತಾರಸಿಗೆ ಶೀಟ್ ಹಾಕಿದ ಮನೆಯವರು, ನಮ್ಮ ಊರಲ್ಲಿ ಯಾರು ಹಾಕಿಲ್ಲ ಹೇಳಿ, ಒಂದೆರಡು ಶೀಟನ್ನು ಬೆಳಕು ಬರುವ ಪಾರದರ್ಶಕದ್ದು ಮಾಡಿಸಿಕೊಂಡರೆ ಪುದೀನ, ಬೇಸಿಲ್ ಎರಡೂ ಮಳೆಗಾಲ ದಾಟುತ್ತವೆ. ನಾನು ಹೇಳಿದ ಅರ್ಧ ತಾಪತ್ರಯ ನಿಮಗೆ ಇಲ್ಲ.

ಚಟ್ಟಿಯ ಕೆಳಗೆ ತಟ್ಟೆ ಇಡುವವರು ವಾರಕ್ಕೆ ಎರಡು ಸಲ ಆದರೂ ನೀರು ಚೆಲ್ಲಬೇಕು. ಮಲೇರಿಯಾ, ಡೆಂಗಿ ಕಂಡ ಊರು ನಮ್ಮದು, ಮೊಟ್ಟೆಯಿಂದ ಸೊಳ್ಳೆ ಏಳಲು ಎಂಟು ಹತ್ತು ದಿನ ಸಾಕು. ಮಳೆಗಾಲದಲ್ಲಿ ತಟ್ಟೆಯೇ ಬೇಡ. ಆಗ ಕೆಂಪು ನೀರು ಕೆಳಮನೆಯವರ ಬಿಳಿ ಪಂಚೆ ಮೇಲೆ ಬೀಳುತ್ತದೆ, ಅದಕ್ಕೆ ಪರಿಹಾರ ವರ್ಷಕ್ಕೊಮ್ಮೆ ಒಂದು ಕಟ್ಟು ಅರಿಶಿನ ಎಲೆ.

ಕೊಯ್ದ ಮೇಲೆ

ಬೆಳೆದದ್ದು ಒಮ್ಮೆಲೇ ಜಾಸ್ತಿ ಆಗುವುದು ಇದ್ದದ್ದೇ. ಕೊತ್ತಂಬರಿ, ಪುದೀನ ತೊಳೆದು ಇಟ್ಟರೆ ಕೊಳೆಯುತ್ತದೆ, ತೊಳೆಯದೆ ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೇಡ. ಬೇವಿನಸೊಪ್ಪನ್ನು ನೆರಳಲ್ಲಿ ಒಣಗಿಸಿದರೆ ಅರ್ಧ ಪರಿಮಳ ಹೋಗುತ್ತದೆ, ಚಟ್ನಿಪುಡಿಗೆ ಮಾತ್ರ ಆದೀತು. ಜುಲೈಯಲ್ಲಿ ನೆರಳಲ್ಲಿ ಒಣಗಿಸಲು ಹೊರಟರೆ ಬೂಸ್ಟು ಹಿಡಿಯುತ್ತದೆ, ಆ ಕೆಲಸ ಡಿಸೆಂಬರಿಗೆ ಇಟ್ಟುಕೊಳ್ಳಿ. ಕಾಡು ಕೊತ್ತಂಬರಿಯನ್ನು ಹಸಿಮೆಣಸು, ಬೆಳ್ಳುಳ್ಳಿ, ಚೂರು ಉಪ್ಪು, ಎಣ್ಣೆ ಜೊತೆ ರುಬ್ಬಿ ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿಗೆ ಇಟ್ಟರೆ, ಬಂಗುಡೆ ತಂದ ದಿನ ಎರಡು ಗಟ್ಟಿ ತೆಗೆದು ಬಾಣಲೆಗೆ ಹಾಕಿದರಾಯಿತು. ಆ ಟ್ರೇಯಲ್ಲಿ ಮತ್ತೆ ಶರಬತ್ತಿಗೆ ಐಸ್ ಮಾಡಬೇಡಿ, ನಮ್ಮನೆಯ ನೆಂಟರೊಬ್ಬರು ಬೆಳ್ಳುಳ್ಳಿ ಪುನರ್ಪುಳಿ ಶರಬತ್ತು ಕುಡಿದು, ಸಂಕೋಚಕ್ಕೆ "ಚಂದ ಉಂಟು" ಅಂತ ಲೋಟ ಖಾಲಿ ಮಾಡಿದ್ದಾರೆ.